ಜೈಸಲ್ಮೇರ್‌ಗೆ ಎಷ್ಟು ದಿನ ಬೇಕು? ಕೋಟೆಯೊಳಗೆ ಉಳಿಯಬಹುದಾ?

ಡಿಸೆಂಬರ್‌ನಲ್ಲಿ, ಅರವತ್ತು ದಾಟಿದ ಅಪ್ಪ-ಅಮ್ಮನ ಜೊತೆ, ಬೆಂಗಳೂರಿನಿಂದ. ಎಷ್ಟು ದಿನ ಇಟ್ಟುಕೊಳ್ಳಬೇಕು, ಕೋಟೆಯೊಳಗಿನ ಹೋಟೆಲ್ ಒಳ್ಳೆಯದಾ, ಸಮ್ ಮರಳುದಿಬ್ಬದ ಟೆಂಟ್ ಪ್ಯಾಕೇಜ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಚಿಕ್ಕದಾಗಿ ಹೇಳುವುದಾದರೆ: ಮೂರು ರಾತ್ರಿ ಊರಿನಲ್ಲೇ ಇರಿ, ಕೋಟೆಯೊಳಗಲ್ಲ, ಕೋಟೆಯ ಕೆಳಗೆ. ಮರಳಿಗೆ ಒಂದು ಸಂಜೆ ಸಾಕು. ಪ್ಯಾಕೇಜ್ ಮಾರುವವರು ಇದನ್ನು ಉಲ್ಟಾ ಮಾಡುತ್ತಾರೆ: ಬೆಳಿಗ್ಗೆ ಇಳಿಸಿ, ಎರಡು ಗಂಟೆ ಕೋಟೆ ತೋರಿಸಿ, ಮಧ್ಯಾಹ್ನವೇ ಟೆಂಟಿಗೆ ಸಾಗಿಸುತ್ತಾರೆ. 1156ರಲ್ಲಿ ರಾವಲ್ ಜೈಸಲ್ ಎಂಬ ರಾಜ ಕಟ್ಟಿದ ಊರನ್ನು ಸರಿಯಾಗಿ ನೋಡದೆ, ರಾತ್ರಿಯಿಡೀ ಡಿಜೆ ಕೇಳಿ ವಾಪಸ್ ಬರುವವರೇ ಜಾಸ್ತಿ.

ಮೊದಲು ದಾರಿ. ಜೈಸಲ್ಮೇರ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯಲ್ಲಿದೆ, ನಾಗರಿಕ ವಿಮಾನಗಳು ಹೆಚ್ಚಾಗಿ ಚಳಿಗಾಲದಲ್ಲಿ ಮಾತ್ರ. ವೇಳಾಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ. ಅದನ್ನೇ ನಂಬಿ ಉಳಿದ ಬುಕಿಂಗ್ ಮಾಡಬೇಡಿ, ಟಿಕೆಟ್ ಕೈಗೆ ಬಂದ ಮೇಲೆ ಹೋಟೆಲ್ ನೋಡಿ. ಭರವಸೆಯ ದಾರಿ ಜೋಧ್‌ಪುರದ ಮೇಲೆ. ಬೆಂಗಳೂರು–ಜೋಧ್‌ಪುರ ರೈಲು ಹುಬ್ಬಳ್ಳಿ, ಬೆಳಗಾವಿ, ಪುಣೆ ಮೂಲಕ ಹೋಗುತ್ತದೆ, ಎರಡು ರಾತ್ರಿಯ ಪ್ರಯಾಣ. ಚಿಕ್ಕಪೇಟೆ, ಹುಬ್ಬಳ್ಳಿ, ದಾವಣಗೆರೆಯ ಮಾರ್ವಾಡಿ ಕುಟುಂಬಗಳು ಊರಿಗೆ ಹೋಗುವ ರೈಲು ಇದೇ ಆಗಿರುವುದರಿಂದ ದೀಪಾವಳಿ, ಮದುವೆ ಸೀಸನ್‌ನಲ್ಲಿ ಸೀಟು ಬೇಗ ಮುಗಿಯುತ್ತದೆ, ಬುಕಿಂಗ್ ತೆರೆದ ದಿನವೇ ಮಾಡಿ. ವಯಸ್ಸಾದವರಿಗೆ ಅಷ್ಟು ದೂರ ಕಷ್ಟ ಅನಿಸಿದರೆ ಜೋಧ್‌ಪುರಕ್ಕೆ ವಿಮಾನ, ಅಲ್ಲಿ ಒಂದು ರಾತ್ರಿ, ಮರುದಿನ ಟ್ಯಾಕ್ಸಿ. ಜೋಧ್‌ಪುರದಿಂದ ಸುಮಾರು 285 ಕಿ.ಮೀ., ಪೋಖರಣ್ ಮೇಲೆ ಹಾದುಹೋಗುವ ಒಳ್ಳೆಯ ರಸ್ತೆ, ಊಟದ ನಿಲುಗಡೆ ಸೇರಿ ಐದೂವರೆ ಗಂಟೆ ಇಟ್ಟುಕೊಳ್ಳಿ. ರೈಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ರಾತ್ರಿ ರೈಲಾದರೆ ಸ್ಲೀಪರ್ ಬೇಡ, ಎಸಿ ತಗೊಳ್ಳಿ. ಸೆಕೆಗಲ್ಲ, ಮುಚ್ಚಿದ ಕಿಟಕಿಯ ಸಂದಿನಿಂದಲೂ ನುಣ್ಣನೆ ಧೂಳು ಬಂದು ಹೊದಿಕೆಯ ಮೇಲೆ ಕೂರುತ್ತದೆ, ಜೊತೆಗೆ ಬೆಳಗಿನ ಜಾವದ ಚಳಿ ಬೇರೆ.

ನಿಲ್ದಾಣದಲ್ಲಿ ಇಳಿದ ಕೂಡಲೇ, ಕೆಲವೊಮ್ಮೆ ರೈಲಿನೊಳಗೇ, ಯಾರಾದರೂ ಬಂದು ನಂಬಲಾಗದಷ್ಟು ಕಡಿಮೆ ದರದ ರೂಮು ಇದೆ ಎನ್ನುತ್ತಾರೆ. ರೂಮಿನ ದರ ಬರೀ ಗಾಳ. ಅವರ ಲಾಭ ಇರುವುದು ಒಂಟೆ ಸಫಾರಿಯಲ್ಲಿ. ಸಫಾರಿ ಅವರ ಹತ್ತಿರ ಬುಕ್ ಮಾಡದಿದ್ದರೆ ಮರುದಿನ "ರೂಮು ಬೇರೆಯವರಿಗೆ ಬುಕ್ ಆಗಿದೆ" ಅನ್ನುವ ಮಾತು ಬರುತ್ತದೆ. ಹೋಟೆಲ್ ಮೊದಲೇ ಗೊತ್ತು ಮಾಡಿಕೊಂಡು, "ಸಫಾರಿ ನಾವೇ ನೋಡಿಕೊಳ್ಳುತ್ತೇವೆ, ರೂಮು ಮಾತ್ರ ಸಾಕು" ಅಂತ ವಾಟ್ಸಾಪ್‌ನಲ್ಲಿ ಬರೆದು, ಅವರಿಂದ ಒಪ್ಪಿಗೆ ತರಿಸಿಕೊಳ್ಳಿ. ಆಟೋದವರು "ಆ ಹೋಟೆಲ್ ಮುಚ್ಚಿದೆ" ಅಂದರೆ ಅಲ್ಲೇ ಹೋಟೆಲಿಗೆ ಫೋನ್ ಮಾಡಿ.

ಡಿಸೆಂಬರ್ ಒಳ್ಳೆಯ ತಿಂಗಳು, ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟುಬಿಡಿ. ಆಗ ಟೆಂಟಿನ ದರ ಎರಡು-ಮೂರು ಪಟ್ಟು, ಕೋಟೆಯ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರ್ ಮೊದಲೆರಡು ವಾರ ಅಥವಾ ಜನವರಿ ಎರಡನೇ ವಾರದ ನಂತರ ವಾಸಿ. ಹಗಲು 24–25 ಡಿಗ್ರಿ ಇದ್ದದ್ದು ರಾತ್ರಿ 7–8ಕ್ಕೆ ಇಳಿಯುತ್ತದೆ, ಬಯಲಿನ ಮರಳಿನಲ್ಲಿ ಇನ್ನೂ ಕೆಳಗೆ. ಬೆಂಗಳೂರಿನ ಸ್ವೆಟರ್ ಸಾಲದು: ಥರ್ಮಲ್ ಒಳಉಡುಪು, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಬೇಕು. ಅಮ್ಮ ಚಪ್ಪಲಿಯಲ್ಲೇ ಓಡಾಡುವವರಾದರೆ ಇದನ್ನು ಮುಂಚೆಯೇ ಹೇಳಿ, ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಮರಳು ಕಾಲಿಗೆ ಕೊರೆಯಲು ಶುರುವಾಗುತ್ತದೆ. ಗಾಳಿ ಎಷ್ಟು ಒಣ ಎಂದರೆ ತುಟಿ ಒಡೆಯುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ವ್ಯಾಸಲೀನ್ ಇಟ್ಟುಕೊಳ್ಳಿ, ಬಾಯಾರದಿದ್ದರೂ ನೀರು ಕುಡಿಸಿ. ಇನ್ನೊಂದು, ಊರು ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ ಬೆಳಗಾಗುವುದೇ ತಡ: ಡಿಸೆಂಬರ್‌ನಲ್ಲಿ ಸೂರ್ಯೋದಯ ಏಳೂ ಕಾಲರಿಂದ ಏಳೂವರೆಯ ಹೊತ್ತಿಗೆ, ಸೂರ್ಯಾಸ್ತ ಆರಕ್ಕೆ ಸ್ವಲ್ಪ ಮುಂಚೆ. ಹಗಲು ಚಿಕ್ಕದು, ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ.

ಇನ್ನು ಕೋಟೆಯೊಳಗೆ ಯಾಕೆ ಬೇಡ ಅನ್ನುವುದು. ಇದಕ್ಕೆ ಸ್ವಲ್ಪ ವಿವರ ಬೇಕು, ಯಾಕೆಂದರೆ ಅಂತರ್ಜಾಲದ ತುಂಬ "ಜೀವಂತ ಕೋಟೆಯೊಳಗೆ ಒಂದು ರಾತ್ರಿ ಕಳೆಯಿರಿ" ಅನ್ನುವ ಸಲಹೆಗಳೇ ತುಂಬಿವೆ. ಕೋಟೆ ನಿಂತಿರುವ ತ್ರಿಕೂಟ ಬೆಟ್ಟ ನಮ್ಮ ಚಿತ್ರದುರ್ಗದಂತೆ ಗಟ್ಟಿ ಬಂಡೆಯಲ್ಲ. ಮರಳುಗಲ್ಲು, ಜೇಡಿ ಪದರಗಳು ಒಂದರ ಮೇಲೊಂದು ಕೂತ ಮೆದು ಗುಡ್ಡ. ಮೇಲೆ 99 ಬುರುಜುಗಳ ಗೋಡೆ, ಹೆಚ್ಚಿನ ಕಡೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ಮಳೆ ಅಪರೂಪದ ಊರಿಗೆ, ಕೆರೆಯಿಂದ ತಲೆಯ ಮೇಲೆ ಕೊಡ ಹೊತ್ತು ತರುವ ಕಾಲಕ್ಕೆ ಇದು ಸರಿಯಾಗಿಯೇ ಇತ್ತು, ಚೆಲ್ಲುವ ನೀರೇ ಬೊಗಸೆಯಷ್ಟು. 1960ರ ದಶಕದ ನಂತರ ನಲ್ಲಿ ಬಂತು, ಆಮೇಲೆ ಪ್ರವಾಸಿಗರು ಬಂದರು, ಪ್ರತಿ ರೂಮಿಗೂ ಶವರ್, ಕಮೋಡು ಬಂತು. ಪೈಪು, ಚರಂಡಿಗಳಿಂದ ಸೋರಿದ ನೀರು ಜೇಡಿ ಪದರಕ್ಕೆ ಇಳಿದರೆ ಅದು ಉಬ್ಬಿ, ನುಣುಪಾಗಿ, ಮೇಲಿನ ಭಾರವನ್ನು ಹೊರಕ್ಕೆ ಜಾರಿಸುತ್ತದೆ. ಬುರುಜುಗಳು ಬಿದ್ದಿವೆ, ಜೋರು ಮಳೆಗೆ ಗೋಡೆಯ ಭಾಗಗಳು ಕುಸಿದಿವೆ. ವಿಶ್ವ ಸ್ಮಾರಕ ನಿಧಿಯವರು 1996ರಲ್ಲೇ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದ್ದರು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳ ಜೊತೆ ಯುನೆಸ್ಕೋ ಪಟ್ಟಿಗೂ ಬಂತು, ಆದರೆ ಪಟ್ಟಿಗೆ ಬಂದ ಮಾತ್ರಕ್ಕೆ ಪೈಪು ಸೋರುವುದು ನಿಲ್ಲುವುದಿಲ್ಲ. ತಲೆಮಾರುಗಳಿಂದ ಅಲ್ಲೇ ಇರುವ ಮನೆಗಳವರು ಬಳಸುವ ನೀರಿನ ಮಾತು ಬೇರೆ, ನಮ್ಮ ಎರಡು ಬಕೆಟ್ ಬಿಸಿನೀರಿನ ಮಾತು ಬೇರೆ.

ನೀತಿಯ ಮಾತು ಬಿಟ್ಟರೂ ನಿಮ್ಮ ಅಪ್ಪ-ಅಮ್ಮನಿಗೆ ಅದು ಅನುಕೂಲವೂ ಅಲ್ಲ. ಗಲ್ಲಿಗಳು ಸ್ಕೂಟರ್ ಬಂದರೆ ಗೋಡೆಗೆ ಒತ್ತಿ ನಿಲ್ಲುವಷ್ಟು ಸಣ್ಣವು, ಪೆಟ್ಟಿಗೆ ಕೈಯಲ್ಲೇ ಎಳೆಯಬೇಕು, ಹಳೆಯ ಮನೆಗಳ ಮೆಟ್ಟಿಲು ಒಂದೊಂದೂ ಮೊಣಕಾಲೆತ್ತರ. ಕೆಳಗೆ ಗಾಂಧಿ ಚೌಕ, ಅಮರಸಾಗರ ಪೋಲ್, ಢಿಬ್ಬಾಪಾಡಾ ಸುತ್ತಮುತ್ತ ತಾರಸಿಯಿಂದ ಕೋಟೆ ಕಾಣುವ ಹೋಟೆಲ್‌ಗಳು ಬೇಕಾದಷ್ಟಿವೆ. ಕೋಟೆಯೊಳಗಿದ್ದರೆ ಕೋಟೆ ಕಾಣುವುದೇ ಇಲ್ಲ ಅನ್ನುವುದನ್ನು ಜನ ಮರೆಯುತ್ತಾರೆ. ಬುಕ್ ಮಾಡುವಾಗ ನೆಲಮಹಡಿ ಅಥವಾ ಮೊದಲ ಮಹಡಿ ರೂಮು ಕೇಳಿ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿ, ಹೆಚ್ಚುವರಿ ರಜಾಯಿ ಕೊಡುತ್ತಾರಾ ಅಂತಲೂ ಕೇಳಿ.

ಕೋಟೆಗೆ ಬೆಳಿಗ್ಗೆ ಏಳೂವರೆಗೇ ಹೊರಡಿ. ಒಳಹೋಗಲು ಟಿಕೆಟ್ ಇಲ್ಲ, ಅದು ಜನ ವಾಸಿಸುವ ಬಡಾವಣೆ. ಟಿಕೆಟ್ ಇರುವುದು ಅರಮನೆ ಮ್ಯೂಸಿಯಂಗೆ ಮತ್ತು ಜೈನ ಬಸದಿಗಳಿಗೆ. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಬಾಗಿಲು ದಾಟಿ ದಸರಾ ಚೌಕಕ್ಕೆ ಏರಬೇಕು. ದಾರಿ ಬೇಕಂತಲೇ ತಿರುಗಿ ತಿರುಗಿ ಹೋಗುತ್ತದೆ, ದಾಳಿಗೆ ಬಂದ ಆನೆ ಓಡಿ ಬಂದು ಬಾಗಿಲಿಗೆ ಗುದ್ದಲಾಗದಂತೆ. ಶತಮಾನಗಳ ಕಾಲ ಕಾಲು ಸವೆಸಿ ಹಾಸುಗಲ್ಲು ಗಾಜಿನಷ್ಟು ನುಣುಪಾಗಿದೆ, ಚರ್ಮದ ಅಟ್ಟೆಯ ಶೂ ಜಾರುತ್ತದೆ. ರಬ್ಬರ್ ಅಟ್ಟೆಯದ್ದು ಹಾಕಿಸಿ, ಇಳಿಯುವಾಗ ಗೋಡೆಯ ಪಕ್ಕದಲ್ಲೇ ಇಳಿಸಿ. ಮೊಣಕಾಲು ನೋವಿದ್ದರೆ ಆಟೋದಲ್ಲಿ ಮೇಲಿನ ಚೌಕದವರೆಗೆ ಹೋಗಬಹುದು. ಬೇಗ ಹೋದರೆ ಹಾಲಿನವನು, ಶಾಲೆಗೆ ಹೊರಟ ಮಕ್ಕಳು, ಬಾಗಿಲು ತೊಳೆಯುವ ಹೆಂಗಸರು ಕಾಣುತ್ತಾರೆ, ಹತ್ತು ಗಂಟೆಯ ನಂತರ ಕಾಣುವುದು ನೇತುಹಾಕಿದ ಬೆಡ್‌ಶೀಟು, ಚರ್ಮದ ಚೀಲಗಳೇ. ಬುರುಜಿನ ಅಂಚಿಗೆ ಹೋದರೆ ಗೋಡೆಯ ನೆತ್ತಿಯ ಮೇಲೆ ಗುಂಡನೆ ಕಲ್ಲುಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ಅಲಂಕಾರಕ್ಕಲ್ಲ, ಹತ್ತಿ ಬರುವವರ ಮೇಲೆ ಉರುಳಿಸಲು ಇಟ್ಟವು.

ಬಸದಿಗಳನ್ನು ಮಧ್ಯಾಹ್ನಕ್ಕೆ ಬಿಡಬೇಡಿ. ಜೈನರಲ್ಲದ ಪ್ರವಾಸಿಗರನ್ನು ಸಾಮಾನ್ಯವಾಗಿ ಬೆಳಿಗ್ಗೆಯಿಂದ ಹನ್ನೆರಡರವರೆಗೆ ಮಾತ್ರ ಬಿಡುತ್ತಾರೆ, ಹಬ್ಬ-ಪೂಜೆ ಇದ್ದರೆ ಅದೂ ಬದಲಾಗುತ್ತದೆ, ಹಿಂದಿನ ದಿನವೇ ಕೇಳಿಕೊಳ್ಳಿ. ಬೆಲ್ಟು, ಪರ್ಸು ಸೇರಿ ಚರ್ಮದ್ದೆಲ್ಲ ಹೊರಗೆ ಬಿಡಬೇಕು, ಆದ್ದರಿಂದ ದುಡ್ಡು ಬಟ್ಟೆಯ ಚೀಲದಲ್ಲಿರಲಿ. ಏಳು ಗುಡಿಗಳಿವೆ, ಒಂದರಿಂದ ಒಂದಕ್ಕೆ ಓಣಿಯಂಥ ದಾರಿ. ಎಲ್ಲವನ್ನೂ ಓಡಿ ನೋಡುವ ಬದಲು ಪಾರ್ಶ್ವನಾಥ ಮತ್ತು ಚಂದ್ರಪ್ರಭ ಗುಡಿಗಳಲ್ಲಿ ನಿಧಾನವಾಗಿ ನಿಂತು, ತಲೆಯೆತ್ತಿ ಛಾವಣಿ ನೋಡಿ. ಸಂಭವನಾಥ ಗುಡಿಯ ಕೆಳಗೆ ಜ್ಞಾನಭಂಡಾರವಿದೆ, ಜಿನಭದ್ರಸೂರಿಗಳ ಹೆಸರಿನದ್ದು. ಶತಮಾನಗಳ ಹಿಂದಿನ ತಾಳೆಗರಿ ಗ್ರಂಥಗಳು ಅಲ್ಲಿ ಉಳಿದಿವೆ. ಮೂಡುಬಿದಿರೆಯಲ್ಲಿ ಧವಳ ಎಂಬ ಜೈನ ತಾಳೆಗರಿ ಗ್ರಂಥಗಳನ್ನು ನಮ್ಮವರು ಮಳೆ, ಹುಳುವಿನಿಂದ ಕಾಪಾಡಬೇಕಾಯಿತು. ಇಲ್ಲಿ ಒಣ ಹವೆಯೇ ಅರ್ಧ ಕೆಲಸ ಮಾಡಿದೆ.

ಹವೇಲಿಗಳಿಗೆ, ಅಂದರೆ ಸಿರಿವಂತರ ಹಳೆಯ ಕೆತ್ತನೆಯ ಮನೆಗಳಿಗೆ, ಎರಡನೇ ದಿನದ ಬೆಳಗು ಇಡಿ. ಪಟ್ವಾ ಹವೇಲಿ ಅಂದರೆ ಒಂದಲ್ಲ, ಸಾಲಾಗಿ ಐದು ಮನೆ. ಗುಮಾನ್ ಚಂದ್ ಪಟ್ವಾ ಎಂಬ ವ್ಯಾಪಾರಿ 1805ರ ಸುಮಾರಿಗೆ ಶುರು ಮಾಡಿಸಿದ್ದು. ಖಾಸಗಿ ಮ್ಯೂಸಿಯಂ ಆಗಿರುವುದಕ್ಕೆ ಒಂದು ಟಿಕೆಟ್, ಸರ್ಕಾರದ್ದಕ್ಕೆ ಇನ್ನೊಂದು. ಬಾಗಿಲಲ್ಲಿ ನಿಂತ ಗೈಡು ಎಲ್ಲ ಸೇರಿ ಒಂದೇ ಅಂದರೆ ನಂಬಬೇಡಿ. ಒಂದನ್ನೇ ನೋಡುವುದಾದರೆ ಸಾಮಾನು-ಸರಂಜಾಮು ಜೋಡಿಸಿಟ್ಟಿರುವ ಖಾಸಗಿಯದ್ದನ್ನು ನೋಡಿ. ಅಮ್ಮನಿಗೆ ಮೆಟ್ಟಿಲು ಕಷ್ಟವಾದರೆ ಏನೂ ನಷ್ಟವಿಲ್ಲ, ಅತ್ಯುತ್ತಮ ಕೆತ್ತನೆ ಇರುವುದು ಹೊರಗೋಡೆಯಲ್ಲಿ, ಬೀದಿಯಲ್ಲೇ ಬಿಟ್ಟಿಯಾಗಿ. ಒಂದು ಝರೋಖಾದ (ಹೊರಚಾಚಿದ ಕಿಟಕಿಯ) ಜಾಲರಿ ಹತ್ತಿರದಿಂದ ನೋಡಿ: ಒಂದೇ ಕಲ್ಲಿನ ಹಲಗೆಯನ್ನು ಕೊರೆದು ತೆಗೆದದ್ದು. ಹೊರಗಿನಿಂದ ಒಳಗೇನೂ ಕಾಣದು, ಒಳಗೆ ನಿಂತವರಿಗೆ ಇಡೀ ಗಲ್ಲಿ ಕಾಣುತ್ತದೆ, ಸಣ್ಣ ತೂತುಗಳಲ್ಲಿ ನುಗ್ಗುವ ಗಾಳಿ ಬೇಸಗೆಯಲ್ಲಿ ಕೋಣೆ ತಂಪಾಗಿಡುತ್ತದೆ. ಗಲ್ಲಿ ಇಕ್ಕಟ್ಟಾದ್ದರಿಂದ ಫೋಟೋಗೆ ಬೆಳಕು ಸಿಗುವುದು ಹೊತ್ತು ಸ್ವಲ್ಪ ಏರಿದ ಮೇಲೆ.

ನಥಮಲ್ ಹವೇಲಿ 1885ರದ್ದು. ಅಣ್ಣ-ತಮ್ಮಂದಿರಿಬ್ಬರು ಎಡ-ಬಲ ಭಾಗ ಹಂಚಿಕೊಂಡು ಕೆತ್ತಿದರಂತೆ. ಎದುರು ನಿಂತು ಎರಡೂ ಬದಿಯ ಒಂದೊಂದೇ ಕಿಟಕಿ ಹೋಲಿಸಿದರೆ ವ್ಯತ್ಯಾಸ ಸಿಗುತ್ತಾ ಹೋಗುತ್ತದೆ, ಅಪ್ಪನಿಗೆ ಇದು ಒಳ್ಳೆಯ ಕೆಲಸ. ಸಾಲಿಮ್ ಸಿಂಗ್ ಹವೇಲಿಯನ್ನು ಹೊರಗಿನಿಂದ ನೋಡಿದರೆ ಸಾಕು.

ಗಡಿಸರ್ ಕೆರೆ ಯಾವುದಾದರೂ ಒಂದು ಸಂಜೆಗೆ. ಹದಿನಾಲ್ಕನೇ ಶತಮಾನದಲ್ಲಿ ರಾವಲ್ ಗಡಸಿ ಸಿಂಗ್ ಸರಿಪಡಿಸಿದ ಈ ಕೆರೆಯೇ ಊರಿನ ಕುಡಿಯುವ ನೀರಾಗಿತ್ತು. ಈಗ ಇಂದಿರಾ ಗಾಂಧಿ ಕಾಲುವೆಯ ನೀರು ಬರುತ್ತದೆ. ದೋಣಿ ಸಿಗುತ್ತದೆ, ಸಮತಟ್ಟು ಜಾಗ, ವಯಸ್ಸಾದವರಿಗೆ ಹಾಯಾಗಿರುತ್ತದೆ.

ಈಗ ಮರಳು. ಆ ದಿನ ಮಧ್ಯಾಹ್ನ ಬೇಗ ಊಟ ಮುಗಿಸಿ ಒಂದೂವರೆಗೆ ಹೊರಟು, ದಾರಿಯಲ್ಲಿ ಸುಮಾರು 18 ಕಿ.ಮೀ. ದೂರದ ಕುಲ್ಧರಾ ನೋಡಿ. ಪಾಲಿವಾಲ ಬ್ರಾಹ್ಮಣರು ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಬಿಟ್ಟುಹೋದ ಹಳ್ಳಿ. ದೆವ್ವದ ಕಥೆ, ದಿವಾನ ಸಾಲಿಮ್ ಸಿಂಗ್ ಹುಡುಗಿಯನ್ನು ಬಯಸಿದ ಕಥೆ ಎಲ್ಲ ಗೈಡುಗಳೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಥೆ ಅನಿಸುವುದು ಈ ಜನ ಮರುಭೂಮಿಯಲ್ಲಿ ಗೋಧಿ ಬೆಳೆದದ್ದು. ಕಲ್ಲುನೆಲದ ಇಳಿಜಾರಿನ ತಗ್ಗಿನಲ್ಲಿ ಉದ್ದನೆ ಮಣ್ಣಿನ ಒಡ್ಡು ಹಾಕಿ, ಬಿದ್ದ ನಾಲ್ಕು ಮಳೆಯ ನೀರನ್ನೆಲ್ಲ ಅಲ್ಲೇ ನಿಲ್ಲಿಸಿ ಇಂಗಿಸುತ್ತಿದ್ದರು. ಚಳಿಗಾಲದ ಹೊತ್ತಿಗೆ ನೀರು ಇಂಗಿದ ಹಸಿ ನೆಲದಲ್ಲಿ ಗೋಧಿ, ಕಡಲೆ ಬಿತ್ತನೆ. ಇದಕ್ಕೆ ಖಡೀನ್ ಎನ್ನುತ್ತಾರೆ, ಜಿಲ್ಲೆಯಲ್ಲಿ ಈಗಲೂ ಬಳಕೆಯಲ್ಲಿದೆ. ವಿಜಯಪುರದ ಕಡೆ ನೆಲದ ತೇವ ನಂಬಿ ಹಿಂಗಾರಿ ಜೋಳ ಬಿತ್ತುವವರಿಗೆ ಇದರ ಲೆಕ್ಕ ಥಟ್ಟನೆ ಹೊಳೆಯುತ್ತದೆ. ಡ್ರೈವರ್‌ಗೆ ಹೇಳಿದರೆ ದಾರಿಯಲ್ಲಿ ಒಂದು ಖಡೀನ್ ತೋರಿಸುತ್ತಾನೆ.

ಸಮ್ ಊರಿನಿಂದ ಪಶ್ಚಿಮಕ್ಕೆ ಸುಮಾರು 42 ಕಿ.ಮೀ., ಮರಳುದಿಬ್ಬದ ಇನ್ನೊಂದು ಜಾಗ ಖುಡಿ ನೈರುತ್ಯಕ್ಕೆ ಇನ್ನೂ ಸ್ವಲ್ಪ ದೂರ. ಸಮ್‌ನಲ್ಲಿ ದಿಬ್ಬ ಎತ್ತರ, ಜನ ಅತಿ: ನೂರಾರು ಕ್ಯಾಂಪು, ಜೀಪಿನ ಸದ್ದು, ಪ್ಲಾಸ್ಟಿಕ್ಕು. ಖುಡಿಯಲ್ಲಿ ದಿಬ್ಬ ಚಿಕ್ಕದು, ಗಲಾಟೆ ಕಡಿಮೆ, ಮಣ್ಣಿನ ಗೋಡೆಯ ಮನೆಗಳಿರುವ ಹಳ್ಳಿ. ನಿಮ್ಮ ಜಾಗದಲ್ಲಿ ಯಾರೇ ಇದ್ದರೂ ನಾನು ಹೇಳುವುದು ಖುಡಿಯೇ. ಸೂರ್ಯಾಸ್ತ, ಹಾಡು, ಊಟ ಮುಗಿಸಿ ರಾತ್ರಿ ಊರಿಗೆ ವಾಪಸ್. ಸ್ಥಳೀಯ ಡ್ರೈವರ್ ಇರಲಿ, ಸ್ವಂತ ಬಾಡಿಗೆ ಕಾರು ಬೇಡ, ಕತ್ತಲಲ್ಲಿ ಒಂಟೆ, ದನ ರಸ್ತೆ ಮಧ್ಯೆಯೇ ನಿಂತಿರುತ್ತವೆ.

ಟೆಂಟಿನಲ್ಲೇ ಮಲಗಬೇಕು ಅನ್ನುವ ಆಸೆ ಇದ್ದರೆ ದುಡ್ಡು ಕೊಡುವ ಮುಂಚೆ ಇಷ್ಟನ್ನು ಬಾಯಿಬಿಟ್ಟು ಕೇಳಿ. ಕ್ಯಾಂಪು ದಿಬ್ಬದ ಪಕ್ಕವಾ, ರಸ್ತೆಯ ಪಕ್ಕವಾ? ಫೋಟೋದಲ್ಲಿ ಮರಳು ಕಾಣುತ್ತದೆ, ನಿಜದಲ್ಲಿ ಬಹುತೇಕ ಕ್ಯಾಂಪು ಡಾಂಬರು ರಸ್ತೆಯ ಅಂಚಿನ ಗಟ್ಟಿ ನೆಲದಲ್ಲಿರುತ್ತವೆ. ಒಂಟೆ ಸವಾರಿ ಎಷ್ಟು ನಿಮಿಷ, ಒಂದು ಒಂಟೆಗೆ ಎಷ್ಟು ಜನ? ಪ್ಯಾಕೇಜಿನೊಳಗೆ "ಉಚಿತ" ಅಂದದ್ದು ಬಹಳ ಸಲ ಹದಿನೈದು-ಇಪ್ಪತ್ತು ನಿಮಿಷಕ್ಕೆ ಮುಗಿದು, ದಿಬ್ಬದ ನೆತ್ತಿಗೆ ಹೋಗಲು ಬೇರೆ ದುಡ್ಡು ಕೇಳುತ್ತಾರೆ. ಜೀಪು ಸೇರಿದೆಯಾ, ಪ್ರತ್ಯೇಕವಾ? ಡಿಜೆ ಎಷ್ಟು ಗಂಟೆಗೆ ನಿಲ್ಲುತ್ತದೆ? ಟೆಂಟಿನ ಬಾತ್‌ರೂಮಿಗೆ ಗೀಸರ್ ಇದೆಯಾ, ಬಕೆಟಿನಲ್ಲಿ ಬಿಸಿನೀರು ತಂದುಕೊಡುತ್ತಾರಾ? ಉತ್ತರವನ್ನೆಲ್ಲ ಬರವಣಿಗೆಯಲ್ಲಿ ತರಿಸಿಕೊಳ್ಳಿ, ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ.

ಬೆನ್ನು, ಕುತ್ತಿಗೆ ನೋವಿರುವವರಿಗೆ ಜೀಪಿನಲ್ಲಿ ದಿಬ್ಬ ಹತ್ತಿ ಇಳಿಯುವ ಆಟ ಬೇಡವೇ ಬೇಡ. ತೆರೆದ ಜೀಪಿನ ಹಿಂದೆ ಸರಳು ಹಿಡಿದು ನಿಲ್ಲಿಸುತ್ತಾರೆ, ಬೆಲ್ಟ್ ಇರುವುದಿಲ್ಲ, ನೆತ್ತಿಯಿಂದ ಧುಮುಕುವಾಗ ಬೆನ್ನೆಲುಬಿಗೆ ನೇರ ಏಟು. ಒಂಟೆ ಪರವಾಗಿಲ್ಲ, ಆದರೆ ಹತ್ತುವ-ಇಳಿಯುವ ಗಳಿಗೆ ಮುಖ್ಯ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಮುಂದಕ್ಕೇ. ಎರಡೂ ಸಲ ತಡಿಯ ಮುಂದಿನ ಗೂಟವನ್ನು ಎರಡು ಕೈಯಲ್ಲಿ ಹಿಡಿದು, ಮೈ ಪೂರ್ತಿ ಹಿಂದಕ್ಕೆ ವಾಲಿಸಬೇಕು. ಒಂಟೆಯವನಿಗೆ "ನಿಧಾನ, ವಯಸ್ಸಾದವರು" ಅಂತ ಮೊದಲೇ ಹೇಳಿ. ಸೊಂಟ ನೋವಿದ್ದರೆ ಒಂಟೆಗಾಡಿ ಸಿಗುತ್ತದೆ, ಅದೇ ವಾಸಿ.

ಹಾಡಿನ ವಿಚಾರದಲ್ಲಿ ಒಂದು ಮಾತು. ಈ ಸೀಮೆಯ ಮಾಂಗಣಿಯಾರರು ಕಮಾಯಚಾ ಎಂಬ ಕಮಾನಿನ ವಾದ್ಯ, ಖಡತಾಲ ಎಂಬ ಮರದ ತಾಳ ನುಡಿಸುವ ವಂಶಪಾರಂಪರ್ಯದ ಹಾಡುಗಾರರು. ಕ್ಯಾಂಪಿನಲ್ಲಿ ಅವರ ಕೈಗೆ ಮೈಕು ಕೊಟ್ಟು ಸಿನಿಮಾ ಹಾಡು ಹಾಡಿಸುತ್ತಾರೆ. ಸಂಜೆ ಗಲಾಟೆ ಶುರುವಾಗುವ ಮುಂಚೆ ಹೋಗಿ, ಮೈಕಿಲ್ಲದೆ ಎರಡು ಹಾಡು ಕೇಳಿ, ದುಡ್ಡನ್ನು ಅವರ ಕೈಗೇ ಕೊಡಿ.

ಊಟ ಅಪ್ಪ-ಅಮ್ಮನಿಗೆ ಒಗ್ಗದೆ ಹೋಗುವುದು ತುಪ್ಪ, ಎಣ್ಣೆ, ಖಾರದಿಂದ. ದಾಲ್-ಬಾಟಿ (ಬೇಳೆ, ಸುಟ್ಟ ಗೋಧಿ ಉಂಡೆ) ರಾತ್ರಿಗಿಂತ ಮಧ್ಯಾಹ್ನ ತಿನ್ನಿಸಿ. ಬಾಜ್ರಾ ರೊಟ್ಟಿ ನಮ್ಮ ಸಜ್ಜೆ ರೊಟ್ಟಿಯೇ. ಕೇರ್-ಸಾಂಗ್ರಿ ಪಲ್ಯ ತಪ್ಪದೆ ತಿನ್ನಿ, ಮುಳ್ಳುಪೊದೆಯ ಕಾಯಿ ಮತ್ತು ಖೇಜ್ರಿ ಮರದ ಕೋಡು, ಎರಡೂ ಒಣಗಿಸಿಟ್ಟದ್ದು. ಮನೆಗೆ ತರುವುದಾದರೆ ಕೇರ್, ಸಾಂಗ್ರಿ ಬೇರೆ ಬೇರೆ ತಗೊಂಡು, ರಾತ್ರಿಯಿಡೀ ನೆನೆಸಿ, ಬೇಯಿಸಿದ ಮೊದಲ ನೀರು ಚೆಲ್ಲಿ, ಇಲ್ಲವಾದರೆ ಕೇರಿನ ಕಹಿ ಪಲ್ಯವನ್ನೆಲ್ಲ ಹಿಡಿಯುತ್ತದೆ. ಸಿಹಿಗೆ ಘೋಟುವಾ ಲಡ್ಡು. ಅನ್ನ-ಸಾರಿಲ್ಲದೆ ದಿನ ಕಳೆಯದವರಿಗೆ ನಾಲ್ಕು ಪೊಟ್ಟಣ ಎಂಟಿಆರ್ ಪುಡಿ ಚೀಲದಲ್ಲಿರಲಿ, ಹೋಟೆಲಿನವರು ಬಿಸಿನೀರು, ಅನ್ನ ಕೊಡುತ್ತಾರೆ. ಅಂಗಡಿಗಳಲ್ಲಿ ಹಾಬೂರ್ ಕಲ್ಲಿನ ಬಟ್ಟಲು ತೋರಿಸಿ, ಇದರಲ್ಲಿಟ್ಟ ಹಾಲು ಹೆಪ್ಪು ಹಾಕದೆಯೇ ಮೊಸರಾಗುತ್ತದೆ ಎನ್ನುತ್ತಾರೆ. ಕಲ್ಲು ಚೆಂದವಿದೆ, ಚೆಂದಕ್ಕಾಗಿ ಕೊಳ್ಳಿ.

ನಾಲ್ಕನೇ ದಿನ ಉಳಿದರೆ ಮತ್ತು ಅಪ್ಪನಿಗೆ ಯುದ್ಧದ ಇತಿಹಾಸ ಇಷ್ಟವಿದ್ದರೆ ಪಾಕಿಸ್ತಾನದ ಗಡಿಯ ಕಡೆಯ ಲೋಂಗೇವಾಲಾ–ತನೋಟ್. ರಾಮಗಢದ ಮೇಲೆ ಹೋಗಿ ಬರಲು ಒಟ್ಟು ಸುಮಾರು 270 ಕಿ.ಮೀ., ಬೆಳಿಗ್ಗೆ ಎಂಟಕ್ಕೆ ಹೊರಟರೆ ಕತ್ತಲಾಗುವ ಮುಂಚೆ ವಾಪಸ್. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ನೇತೃತ್ವದ ಸುಮಾರು 120 ಸೈನಿಕರು ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದು ನಿಂತ ಜಾಗ ಲೋಂಗೇವಾಲಾ. ಬೆಳಗಾದ ಮೇಲೆ ಜೈಸಲ್ಮೇರ್‌ನಿಂದ ಹಾರಿದ ವಾಯುಪಡೆಯ ಹಂಟರ್ ಯುದ್ಧವಿಮಾನಗಳು ಟ್ಯಾಂಕುಗಳನ್ನು ಹೊಡೆದವು. ತನೋಟ್ ಮಾತೆಯ ಗುಡಿಯನ್ನು ಗಡಿ ಭದ್ರತಾ ಪಡೆಯವರೇ (ಬಿಎಸ್‌ಎಫ್) ನೋಡಿಕೊಳ್ಳುತ್ತಾರೆ, 1965ರ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಶೆಲ್‌ಗಳನ್ನು ಅಲ್ಲೇ ಇಟ್ಟಿದ್ದಾರೆ. ಆಧಾರ್ ಮೂಲಪ್ರತಿ ಒಯ್ಯಿರಿ. ಗುಡಿಯಾಚೆ ಗಡಿಕಂಬದವರೆಗೆ ಹೋಗಲು ಬಿಎಸ್‌ಎಫ್ ಅನುಮತಿ ಬೇಕು, ಸಿಗದೆಯೂ ಇರಬಹುದು. ಜೊತೆಗೆ ಬರುವ ಅಣ್ಣ-ಅಕ್ಕ ಯಾರಾದರೂ ವಿದೇಶಿ ಪಾಸ್‌ಪೋರ್ಟಿನವರಾದರೆ ಈ ರಸ್ತೆಗೆ ಹೊರಡುವ ಮುಂಚೆ ಜೈಸಲ್ಮೇರ್ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಡ್ರೋನ್ ತರಲೇಬೇಡಿ. ಪೆಟ್ರೋಲು ಊರಲ್ಲೇ ತುಂಬಿಸಿ, ರಾಮಗಢ ದಾಟಿದ ಮೇಲೆ ಫೋನ್ ಸಿಗ್ನಲ್ ಹೋಗುತ್ತಾ ಬರುತ್ತಾ ಇರುತ್ತದೆ. ಶೌಚಾಲಯ ಭರವಸೆಯಾಗಿ ಸಿಗುವುದು ರಾಮಗಢ, ಲೋಂಗೇವಾಲಾ ಸ್ಮಾರಕ, ತನೋಟ್‌ನಲ್ಲಿ ಮಾತ್ರ, ಅಲ್ಲೇ ಮುಗಿಸಿಕೊಂಡು ಹೊರಡಲು ಹೇಳಿ. ಗಡಿಯಲ್ಲಿ ಬಿಗುವಿನ ಸಮಯವಾದರೆ ದಾರಿ ಮುಚ್ಚಿರುತ್ತಾರೆ, ಆಗ ಆ ದಿನವನ್ನು ಬಡಾ ಬಾಗ್‌ನ ಛತ್ರಿಗಳಿಗೂ (ರಾಜರ ನೆನಪಿನ ಮಂಟಪಗಳು), ಹಳೆಯ ರಾಜಧಾನಿ ಲೋದ್ರವಾದ ಬಸದಿಗೂ ಕೊಡಿ, ಎರಡೂ ಊರಿಗೆ ಹತ್ತಿರ, ಅರ್ಧ ದಿನದ ಆಟೋ ಸಾಕು.